ಪ್ರತಿ: ನೀರನ್ನು ಮತ್ತೆ ಮೇಲಕ್ಕೆ ಹತ್ತಿಸುವುದು ನಷ್ಟವಲ್ಲವೇ?

ಜಲವಿದ್ಯುತ್ ಸ್ಥಾವರದಲ್ಲಿ ಕರೆಂಟ್ ಕೊಟ್ಟು ಇಳಿದ ನೀರನ್ನು ಮತ್ತೆ ಬೆಟ್ಟ ಹತ್ತಿಸಲು ಹೆಚ್ಚು ಕರೆಂಟ್ ಬೇಕಲ್ಲ, ಸ್ವಿಟ್ಜರ್ಲೆಂಡಿನವರು ಯಾಕೆ ಹೀಗೆ ಮಾಡುತ್ತಾರೆ ಎಂದು ಕೇಳಿದ್ದೀರಿ. ನಿಮ್ಮ ಲೆಕ್ಕ ಸರಿ. 100 ಯೂನಿಟ್ ಹಾಕಿದರೆ ವಾಪಸ್ ಸಿಗುವುದು ಹೆಚ್ಚುಕಡಿಮೆ 80. ಆದರೆ ಯೂನಿಟ್ಟಿನ ಬೆಲೆ ಹೊತ್ತಿಗೊಂದು ಥರ. ಬಿಸಿಲು ಜೋರಿದ್ದ ಮಧ್ಯಾಹ್ನ ಯುರೋಪಿನಲ್ಲಿ ಸೋಲಾರ್ ಕರೆಂಟ್ ಮಿಕ್ಕು, ಕೆಲವು ದಿನ ದರ ಸೊನ್ನೆಗಿಂತ ಕೆಳಗಿಳಿಯುತ್ತದೆ. ಸಂಜೆ ಅದೇ ಕರೆಂಟಿಗೆ ಎಲ್ಲಿಲ್ಲದ ಬೇಡಿಕೆ. ಹಾಗಾಗಿ ಅಗ್ಗದ ಹೊತ್ತಿನಲ್ಲಿ ನೀರು ಹತ್ತಿಸಿ, ಬೇಡಿಕೆಯ ಹೊತ್ತಿನಲ್ಲಿ ಇಳಿಸುತ್ತಾರೆ. ಆ 20 ಯೂನಿಟ್ಟನ್ನು ನಾನಂತೂ ನಷ್ಟ ಅನ್ನುವುದಿಲ್ಲ, ಕಾಪಿಟ್ಟದ್ದಕ್ಕೆ ಕೊಟ್ಟ ಬಾಡಿಗೆ.

2022ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಶುರುವಾದ ನಾಂ ದ ದ್ರಾಂಸ್ ಸ್ಥಾವರವನ್ನೇ ನೋಡಿ. ಮೇಲೊಂದು ಜಲಾಶಯ, ಕೆಳಗೊಂದು ಜಲಾಶಯ, ನಡುವೆ ಬಂಡೆ ಕೊರೆದು ಮಾಡಿದ ಗುಹೆಯಲ್ಲಿ ತಲಾ 150 ಮೆಗಾವ್ಯಾಟ್‌ನ ಆರು ಯಂತ್ರಗಳು. ಒಂದು ದಿಕ್ಕಿಗೆ ತಿರುಗಿದರೆ ಪಂಪು, ಇನ್ನೊಂದು ದಿಕ್ಕಿಗೆ ತಿರುಗಿದರೆ ಟರ್ಬೈನು. ಈ ಬದಲಾವಣೆಗೆ ಕೆಲವೇ ನಿಮಿಷ ಸಾಕು. ಗ್ರಿಡ್, ಅಂದರೆ ವಿದ್ಯುತ್ ಜಾಲ ನಡೆಸುವವರಿಗೆ ಇದರಷ್ಟು ಬೆಲೆಬಾಳುವ ಗುಣ ಬೇರೊಂದಿಲ್ಲ.

ಒಂದು ಮಿತಿಯೂ ಇದೆ. ಮೇಲಿನ ಜಲಾಶಯ ತುಂಬಿದ್ದರೂ ಪೂರ್ಣ ಶಕ್ತಿಯಲ್ಲಿ ಸುಮಾರು 20 ಗಂಟೆಯಷ್ಟೇ ಓಡುತ್ತದೆ. ಚಳಿಗಾಲದ ಕರೆಂಟ್ ಕೊರತೆ ಇದರಿಂದ ನೀಗುವುದಿಲ್ಲ. ಅದಕ್ಕೆ ಬೇಸಿಗೆಯ ಹಿಮದ ನೀರನ್ನು ತಿಂಗಳುಗಟ್ಟಲೆ ಹಿಡಿದಿಡುವ, 285 ಮೀಟರ್ ಎತ್ತರದ ಗ್ರಾಂಡ್ ಡಿಕ್ಸಾನ್ಸ್‌ನಂಥ ಅಣೆಕಟ್ಟುಗಳೇ ಬೇಕು.