ಮಗನಿಗೆ ನಡಾಲ್ ರ‍್ಯಾಕೆಟ್ ಕೊಡುವ ಮೊದಲು ಅವನ ಎರಡನೇ ಸರ್ವ್ ನೋಡಿ

ಹನ್ನೊಂದು ವರ್ಷದ ಮಗನಿಗೆ 300 ಗ್ರಾಂನ ಪ್ಯೂರ್ ಏರೋ (ನಡಾಲ್ ಬಳಸುತ್ತಿದ್ದ ಬಾಬೊಲಾಟ್ ಕಂಪನಿಯ ಟೆನಿಸ್ ರ‍್ಯಾಕೆಟ್), ಅದಕ್ಕೆ ಪೂರ್ತಿ ಪಾಲಿ, ಅಂದರೆ ಬಿರುಸಾದ ಪಾಲಿಯೆಸ್ಟರ್ ಸ್ಟ್ರಿಂಗ್, ದಿನಕ್ಕೆ ಎರಡು ಗಂಟೆ ಕೋಚ್ ಬುಟ್ಟಿಯಿಂದ ಒಂದೊಂದೇ ಚೆಂಡು ಕೊಡುವ ಬ್ಯಾಸ್ಕೆಟ್ ಫೀಡ್‌ನಲ್ಲಿ ಬರೀ ಫೋರ್‌ಹ್ಯಾಂಡ್ ಎಂದು ಬರೆದಿದ್ದೀರಿ. ಅದರ ಕೆಳಗೇ, ಈಗಿನ ಹುಡುಗರು ಫೆಡರರ್, ನಡಾಲ್, ಜೊಕೊವಿಚ್ ಮಟ್ಟಕ್ಕೆ ಏಕೆ ಏರುತ್ತಿಲ್ಲ ಎಂದೂ ಕೇಳಿದ್ದೀರಿ. ಉತ್ತರ ನಿಮ್ಮ ಮೊದಲ ಸಾಲಿನಲ್ಲೇ ಇದೆ ಸ್ವಾಮಿ. ನನ್ನ ಮಗಳಿಗೆ ನಾನೂ ಇದನ್ನೇ ಮಾಡಿ, ಮೊಣಕೈ ನೋವಿನಿಂದ ಅವಳು ಇಡೀ ಬೇಸಿಗೆ ಕೂರುವಂತಾಯಿತು. ಅದಕ್ಕೇ ಸ್ವಲ್ಪ ಗಟ್ಟಿಯಾಗಿ ಹೇಳುತ್ತಿದ್ದೇನೆ.

ಹೊಡೆತದಲ್ಲಿ ಹೊಸಬರು ಯಾರಿಗೂ ಕಡಿಮೆಯಿಲ್ಲ. 2020ರ ಯುಎಸ್ ಓಪನ್ ಫೈನಲ್ ನೆನಪಿಸಿಕೊಳ್ಳಿ. ಎರಡು ಸೆಟ್ ಮುಂದಿದ್ದ ಜ್ವೆರೆವ್, ಐದನೇ ಸೆಟ್‌ನಲ್ಲಿ 5-3 ಇದ್ದಾಗ ಪಂದ್ಯಕ್ಕೇ ಸರ್ವ್ ಮಾಡಿದರು. ಮೊದಲನೆಯದು ತಪ್ಪಿದಾಗ ಹೊಡೆಯುವ ಎರಡನೇ ಸರ್ವ್ ಕೈಕೊಟ್ಟಿತು, ಕಪ್ ಥೀಮ್ ಪಾಲಾಯಿತು. 1990ರ ನಂತರ ಹುಟ್ಟಿದ ಪುರುಷ ಆಟಗಾರ ಗ್ರ್ಯಾಂಡ್‌ಸ್ಲಾಮ್ ಸಿಂಗಲ್ಸ್ ಗೆದ್ದದ್ದು ಅದೇ ಮೊದಲು! ಮರುವರ್ಷ ಪ್ಯಾರಿಸ್‌ನ ಫ್ರೆಂಚ್ ಓಪನ್ ಫೈನಲ್‌ನಲ್ಲಿ ಸಿಟ್ಸಿಪಾಸ್ ಕೂಡ ಎರಡು ಸೆಟ್ ಗೆದ್ದು ಜೊಕೊವಿಚ್‌ಗೆ ಸೋತರು. ಜೊಕೊವಿಚ್ ಆಟ ಬದಲಿಸಿದರು, ಇವರ ಬಳಿ ಬದಲಿಸಲು ಇನ್ನೊಂದು ಆಟ ಇರಲಿಲ್ಲ. ಫೆಡರರ್ 2001ರ ವಿಂಬಲ್ಡನ್‌ನಲ್ಲಿ ಸಾಂಪ್ರಾಸ್‌ರನ್ನು ಸೋಲಿಸಿದಾಗ ಸರ್ವ್ ಮಾಡಿ ನೆಟ್‌ಗೆ ಓಡುತ್ತಿದ್ದರು. ಮುಂದೆ ಅದೇ ವಿಂಬಲ್ಡನ್‌ನಲ್ಲಿ ಹೆಚ್ಚಾಗಿ ಬೇಸ್‌ಲೈನ್‌ನಿಂದಲೇ ಗೆದ್ದರು. ಎಲ್ಲರೂ ಒಂದೇ ಆಟ ಕಲಿತವರು ಎನ್ನಲಾರೆ. 2025ರ ಪ್ಯಾರಿಸ್ ಫೈನಲ್‌ನಲ್ಲಿ ಮೂರು ಚಾಂಪಿಯನ್‌ಶಿಪ್ ಪಾಯಿಂಟ್ ಉಳಿಸಿಕೊಂಡು ಸಿನ್ನರ್‌ರನ್ನು ಮಣಿಸಿದ ಅಲ್ಕರಾಜ್ ಇದ್ದಾರಲ್ಲ. ಅವರ ಡ್ರಾಪ್ ಶಾಟ್, ನೆಟ್ ಆಟ ನೋಡಿ, ಬರೀ ಬ್ಯಾಸ್ಕೆಟ್ ಫೀಡ್‌ನಲ್ಲಿ ಅದು ಬರುವುದಿಲ್ಲ.

ನಮ್ಮಲ್ಲಿ ಫಲ ಕೊಟ್ಟದ್ದು ಪಾಯಿಂಟ್‌ಗೆ ಒಂದೇ ಸರ್ವ್ ಸಿಗುವ ಸೆಟ್. ಮೊದಲ ಸರ್ವ್ ಇಲ್ಲವೇ ಇಲ್ಲ, ತಪ್ಪಿದರೆ ಪಾಯಿಂಟ್ ಹೋಯಿತು. ಪ್ರತಿ ಗೇಮ್ 30-40ರಿಂದ ಶುರು, ಅಂದರೆ ಸರ್ವ್ ಮಾಡುವವರು ಇನ್ನೊಂದು ಪಾಯಿಂಟ್ ಕಳೆದುಕೊಂಡರೆ ಗೇಮೇ ಹೋಯಿತು. ರಿಟರ್ನ್ ಸರ್ವಿಸ್ ಲೈನ್ (ಸರ್ವ್ ಬೀಳಬೇಕಾದ ಬಾಕ್ಸ್‌ನ ಹಿಂದಿನ ಗೆರೆ) ದಾಟದಿದ್ದರೆ ಪಾಯಿಂಟ್ ಸರ್ವ್ ಮಾಡಿದವರಿಗೆ. ಮೊದಮೊದಲು ಮಕ್ಕಳು ಹೆದರಿ ಚೆಂಡನ್ನು ಬಾಕ್ಸ್‌ಗೆ ತಳ್ಳುತ್ತಾರೆ. ಮೊಣಕೈ ಮಡಚಿಯೇ ಇರುತ್ತದೆ, ಟಾಸ್ ಮುಂದಕ್ಕೆ ಬೀಳುತ್ತದೆ, ಕಣ್ಣು ಆಗಲೇ ನೆಟ್ ಕಡೆ. ಬೈಯಬೇಡಿ. ಕಾಂಟಿನೆಂಟಲ್ ಹಿಡಿತ (ಸುತ್ತಿಗೆ ಹಿಡಿದಂತೆ ಹಿಡಿಯುವುದು) ಬಿಡದಂತೆ ಮಾತ್ರ ನೋಡಿಕೊಳ್ಳಿ, ರ‍್ಯಾಕೆಟ್ ಪೂರ್ತಿ ವೇಗದಲ್ಲಿ ಬೀಸಿ ಚೆಂಡಿನ ಪಕ್ಕ ಸವರಲು ಹೇಳಿ. ಚೆಂಡು ಪಕ್ಕಕ್ಕೆ ತಿರುಗುವ ಸ್ಲೈಸ್ ಮೊದಲು, ಪುಟಿದು ಎತ್ತರಕ್ಕೇಳುವ ಕಿಕ್ ಸರ್ವ್ ಈಗಲೇ ಬೇಡ. ಬೆನ್ನು ಬಾಗಿಸಿ ಹೊಡೆಯುವುದಕ್ಕೆ ಈ ವಯಸ್ಸಿನ ಸೊಂಟ ಸಿದ್ಧವಿರುವುದಿಲ್ಲ. ಕೋಚ್ ಒಪ್ಪದಿದ್ದರೆ ಭಾನುವಾರ ನೀವೇ ಎದುರು ನಿಂತು ಆಡಿಸಿ. ವಾರಕ್ಕೆರಡು ಸಲ ಸಾಕು, ಟೂರ್ನಿಯ ಹಿಂದಿನ ದಿನ ಬೇಡವೇ ಬೇಡ.

ರ‍್ಯಾಕೆಟ್ ವಿಷಯ. ಬಾಬೊಲಾಟ್ ಕೆಟ್ಟದ್ದಲ್ಲ, ಆದರೆ ಆ ಬಿಗಿ ಫ್ರೇಮ್‌ಗೆ ಪಾಲಿ ಸೇರಿದರೆ ಎಳೆಯ ಕೈ ಉಳಿಯುವುದಿಲ್ಲ. 26 ಇಂಚು, 250 ಗ್ರಾಂ ಆಸುಪಾಸು ಸಾಕು. ನನಗೆ ಯೋನೆಕ್ಸ್ ಕಂಪನಿಯದ್ದು ಇಷ್ಟ, ಹೆಡ್ ಕಂಪನಿಯದ್ದೂ ಆದೀತು. ಸ್ಟ್ರಿಂಗ್ ಮಲ್ಟಿಫಿಲಮೆಂಟ್ (ಸಣ್ಣ ಎಳೆಗಳನ್ನು ಹೊಸೆದ ಮೃದು ಸ್ಟ್ರಿಂಗ್), 48 ಪೌಂಡ್ ಬಿಗಿಯಲ್ಲಿ. ಪಾಲಿ ಕಡಿಯುವುದಿಲ್ಲ, ದುಡ್ಡು ಉಳಿಯುತ್ತದೆ ಎನ್ನುವವರಿದ್ದಾರೆ. ಕಡಿಯದಿದ್ದರೂ ಅದರ ಬಿಗಿ ಬೇಗ ಸತ್ತುಹೋಗುತ್ತದೆ, ಸತ್ತ ಪಾಲಿಯಲ್ಲಿ ತಿಂಗಳುಗಟ್ಟಲೆ ಆಡಿಸುವುದು ಕೈಗೆ ಮಾಡುವ ದ್ರೋಹ. ಹಸಿರು ಚುಕ್ಕೆಯ ಚೆಂಡನ್ನೂ ಚಿಕ್ಕ ಮಕ್ಕಳದ್ದೆಂದು ಹೀಗಳೆಯಬೇಡಿ. ಮಾಮೂಲಿ ಹಳದಿ ಚೆಂಡಿಗಿಂತ 25% ನಿಧಾನವಾದ್ದರಿಂದ ರಿಟರ್ನ್‌ಗೆ ಕಾಲು ಸರಿಯಾಗಿ ಇಡಲು ಸಮಯ ಸಿಗುತ್ತದೆ.

ಜಿಮ್ ಸೇರಿಸುವ ಆಲೋಚನೆಯನ್ನು ಸದ್ಯಕ್ಕೆ ಬಿಡಿ. ಬೆಳಿಗ್ಗೆ ಅಮಾನಿಕೆರೆ ಸುತ್ತ ಓಡಲಿ, ಸಂಜೆ ಫುಟ್‌ಬಾಲೋ ಕೊಕ್ಕೋನೋ ಆಡಲಿ. ಸಿನ್ನರ್ ಬಾಲ್ಯದಲ್ಲಿ ಸ್ಕೀಯಿಂಗ್ ಚಾಂಪಿಯನ್ ಆಗಿದ್ದವರು. ಇನ್ನೊಂದು: ಬೆಂಗಳೂರಿಗೆ ಟೂರ್ನಿಗೆ ಹೋದಾಗ ಕಿಟ್ ಚೀಲವನ್ನು ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಬಿಡಬೇಡಿ, ಸ್ಟ್ರಿಂಗ್ ಸಡಿಲವಾಗುತ್ತದೆ. ಆ ಪಾಲಿಯನ್ನು ಈ ವಾರವೇ ಕತ್ತರಿಸಿ ತೆಗೆಸಿ. ಕತ್ತರಿಸುವಾಗ ಫ್ರೇಮ್ ಸೊಟ್ಟಗಾಗದಂತೆ ನಡುವಿನಿಂದ ಶುರುಮಾಡಲು ಹೇಳಿ.