ಬೇರೆ ಕಂಪನಿಯ ಪ್ಲಾಟ್‌ಫಾರ್ಮ್ ನಂಬಿ ಸ್ಟಾರ್ಟಪ್ ಕಟ್ಟುವುದು ಅಪಾಯ ಅಂತಾರಲ್ಲ, ಯಾಕೆ?

ಬಾಗಿಲು, ಬೆಲೆ ಎರಡೂ ಅವರ ಕೈಯಲ್ಲಿರುತ್ತವೆ. ಅವರ ವ್ಯಾಪಾರದ ಲೆಕ್ಕ ಬದಲಾದ ದಿನ ನಿಮ್ಮದು ತಲೆಕೆಳಗಾಗುತ್ತದೆ.

ಪ್ಲಾಟ್‌ಫಾರ್ಮ್ ಬೆಳೆಯುವಾಗ ಅದಕ್ಕೆ ಜನ ಬೇಕು. ನಿಮ್ಮ ಆ್ಯಪ್ ಜನರನ್ನು ಕರೆತರುತ್ತದೆ, ಹಾಗಾಗಿ ಎಪಿಐ (ಅವರ ಮಾಹಿತಿಯನ್ನು ನಿಮ್ಮ ಸಾಫ್ಟ್‌ವೇರ್‌ಗೆ ಕೊಡುವ ಕಿಂಡಿ) ಪುಕ್ಕಟೆ. ಜನ ಸೇರಿದ ಮೇಲೆ ಬೇಕಾಗುವುದು ಜಾಹೀರಾತಿನ ದುಡ್ಡು. ಅವರ ಜಾಹೀರಾತು ನಿಮ್ಮ ಆ್ಯಪ್‌ನಲ್ಲಿ ಕಾಣುವುದಿಲ್ಲವಲ್ಲ! ನಿನ್ನೆಯ ನೆಂಟ ಇವತ್ತು ಬರೀ ಖರ್ಚು.

2023ರಲ್ಲಿ ರೆಡ್ಡಿಟ್‌ನಲ್ಲಿ (ಜನ ವಿಷಯವಾರು ಗುಂಪುಗಳಲ್ಲಿ ಚರ್ಚಿಸುವ ಜಾಲತಾಣ) ಆದದ್ದು ಇದೇ. ಐಫೋನಿನಲ್ಲಿ ರೆಡ್ಡಿಟ್ ಓದಲು ಕ್ರಿಶ್ಚಿಯನ್ ಸೆಲಿಗ್ ಮಾಡಿದ 'ಅಪೊಲೊ' ಆ್ಯಪ್ ಬಹಳ ಜನಪ್ರಿಯವಾಗಿತ್ತು. ರೆಡ್ಡಿಟ್ ತನ್ನ ಎಪಿಐಗೆ ದರ ಕಟ್ಟಿತು: 5 ಕೋಟಿ ಕೋರಿಕೆಗಳಿಗೆ (ಆ್ಯಪ್ ಪ್ರತಿ ಸಲ ಮಾಹಿತಿ ಕೇಳುವುದೂ ಒಂದು ಕೋರಿಕೆ) 12,000 ಡಾಲರ್. ವರ್ಷಕ್ಕೆ ಸುಮಾರು 2 ಕೋಟಿ ಡಾಲರ್ ಆಗುತ್ತದೆಂದು ಸೆಲಿಗ್ ಲೆಕ್ಕ ಹಾಕಿದರು. ಜೂನ್ 30ಕ್ಕೆ ಅಪೊಲೊ ಮುಚ್ಚಿತು. ನನ್ನ ಪ್ರಕಾರ ದರಕ್ಕಿಂತ ಹೆಚ್ಚು ಪೆಟ್ಟು ಕೊಟ್ಟದ್ದು ಗಡುವು: ದರ ತಿಳಿದ ಮೇಲೆ ಸಿಕ್ಕಿದ್ದು ಒಂದೇ ತಿಂಗಳು, ಆದರೆ ಎಷ್ಟೋ ಬಳಕೆದಾರರು ಹಳೇ ಬೆಲೆಯಲ್ಲಿ ವರ್ಷದ ಚಂದಾ ಆಗಲೇ ಕಟ್ಟಿಬಿಟ್ಟಿದ್ದರು.