ಪಿಆರ್‌ಆರ್‌ಎಸ್: ಲಸಿಕೆಯ ವೈರಸ್ಸೇ ಬದಲಾಯಿತೇ, ಹೊರಗಿನದು ಬಂತೇ?

ನಿಮ್ಮ ಪ್ರಶ್ನೆ ಇಷ್ಟು: ತಾಯಿಹಂದಿಗಳಿಗೆ ಪಿಆರ್‌ಆರ್‌ಎಸ್ (ಹಂದಿಗಳಲ್ಲಿ ಗರ್ಭಪಾತ, ಉಸಿರಾಟದ ತೊಂದರೆ ತರುವ ವೈರಸ್ ರೋಗ) ತಡೆಯಲು ಜೀವಂತ ಲಸಿಕೆ (ದುರ್ಬಲಗೊಳಿಸಿದ ಜೀವಂತ ವೈರಸ್ಸಿನದು) ಹಾಕಿ ಎಂಟು ತಿಂಗಳಾಗಿದೆ, ಈಗ ಒಂದೊಂದೇ ಕಂದು ಹಾಕುತ್ತಿವೆ. ಲ್ಯಾಬ್ ವರದಿಯಲ್ಲಿ ‘ಟೈಪ್ 2, ಓಆರ್‌ಎಫ್5, ಲಸಿಕೆ ತಳಿಗೆ 96% ಹೋಲಿಕೆ’ ಎಂದಿದೆ. ಲಸಿಕೆಯ ವೈರಸ್ಸೇ ರೂಪ ಬದಲಿಸಿತೇ?

ಆ ಸಾಧ್ಯತೆ ತೀರಾ ಕಡಿಮೆ. ಲೆಕ್ಕ ಹಾಕಿ ನೋಡಿ. ಟೈಪ್ 2 ಎಂದರೆ ಈ ವೈರಸ್ಸಿನ ಎರಡು ಮುಖ್ಯ ಬಗೆಗಳಲ್ಲಿ ಒಂದು, ಓಆರ್‌ಎಫ್5 ಅದರ ಹೊರಕವಚದ ಒಂದು ಪ್ರೋಟೀನಿನ ಜೀನು. ಆ ಜೀನಿನಲ್ಲಿ 603 ಅಕ್ಷರಗಳಿವೆ (ಅಕ್ಷರವೆಂದರೆ ತಳಿಸಂಕೇತದ ಒಂದು ಬಿಡಿ ಘಟಕ). 4% ವ್ಯತ್ಯಾಸವೆಂದರೆ ಸುಮಾರು 24 ಅಕ್ಷರ. ಈ ಜೀನು ವೇಗವಾಗಿ ಬದಲಾಗುತ್ತದೆ ನಿಜ, ಆದರೂ ವರ್ಷಕ್ಕೆ ಸರಿಸುಮಾರು 1%, ಎಂದರೆ ಆರು ಅಕ್ಷರ. ಎಂಟು ತಿಂಗಳಿಗೆ ನಾಲ್ಕೈದು ಆಗಬಹುದು, 24 ಆಗುವುದಿಲ್ಲ.

ಆದರೆ ಲಸಿಕೆಯ ಜೊತೆ ಹೋಲಿಸಿದರಷ್ಟೇ ಸಾಲದು. ನಿಮ್ಮದೇ ಫಾರ್ಮ್‌ನ ವೈರಸ್ಸಿನ ಹಳೆಯ ಸೀಕ್ವೆನ್ಸ್ (ಜೀನಿನ ಅಕ್ಷರಗಳ ಸರಣಿ) ಇದ್ದರೆ ಮೊದಲು ಅದರ ಪಕ್ಕದಲ್ಲಿಡಿ. ಅದಕ್ಕೆ 99% ಹೊಂದಿದರೆ ವೈರಸ್ಸು ನಿಮ್ಮಲ್ಲೇ ಬೇರೂರಿದೆ. ಹೊಂದದಿದ್ದರೆ ಹೊರಗಿನಿಂದ ಬಂದಿರುವ ಸಂಭವವೇ ಹೆಚ್ಚು: ಖರೀದಿಸಿದ ಹಂದಿ, ವೀರ್ಯ, ಸಾಗಣೆ ಲಾರಿ ಹೀಗೆ ಒಂದೊಂದನ್ನೇ ಹುಡುಕಬೇಕು. ಲ್ಯಾಬ್‌ನಿಂದ ಶೇಕಡಾವಾರು ಅಂಕಿಯನ್ನಷ್ಟೇ ಅಲ್ಲ, ಪೂರ್ತಿ ಸೀಕ್ವೆನ್ಸ್ ಫೈಲನ್ನೇ ಕೇಳಿ ಪಡೆಯಿರಿ. ಕಿಣ್ವಗಳು ಜೀನನ್ನು ಎಲ್ಲೆಲ್ಲಿ ಕತ್ತರಿಸುತ್ತವೆ ಎಂಬುದರ ಮೇಲೆ ಕೊಡುವ 1-7-4ರಂಥ ಆರ್‌ಎಫ್‌ಎಲ್‌ಪಿ ಸಂಖ್ಯೆಯನ್ನು ನಾನು ನೆಚ್ಚುವುದಿಲ್ಲ. ಕತ್ತರಿಸುವ ಜಾಗದಲ್ಲಿ ಒಂದೇ ಒಂದು ಅಕ್ಷರ ಬದಲಾದರೂ ಸಂಖ್ಯೆ ಬದಲಾಗುತ್ತದೆ, ಸಂಬಂಧವೇ ಇಲ್ಲದ ಎರಡು ವೈರಸ್ಸುಗಳಿಗೆ ಒಂದೇ ಸಂಖ್ಯೆ ಬರುವುದೂ ಉಂಟು.

ಇನ್ನೊಂದು ಮಾತು. ವೈರಸ್ಸಿನ ಜೀನೋಮ್ (ಪೂರ್ತಿ ತಳಿಸಂಕೇತ) ಸುಮಾರು 15,000 ಅಕ್ಷರ ಉದ್ದ, ಓಆರ್‌ಎಫ್5 ಅದರ 4% ಮಾತ್ರ. ಎರಡು ತಳಿಗಳು ಒಂದೇ ಮ್ಯಾಕ್ರೋಫೇಜ್ (ರೋಗಾಣುಗಳನ್ನು ನುಂಗುವ ರಕ್ಷಕ) ಕೋಶಕ್ಕೆ ಹೊಕ್ಕರೆ, ನಕಲು ಮಾಡುವ ಕಿಣ್ವ ನಡುವೆಯೇ ಒಂದರಿಂದ ಇನ್ನೊಂದಕ್ಕೆ ಜಿಗಿದು ಮಿಶ್ರ ವೈರಸ್ಸು ಹುಟ್ಟಬಹುದು. ಡೆನ್ಮಾರ್ಕ್‌ನಲ್ಲಿ 2019ರಲ್ಲಿ ಎರಡು ಲಸಿಕೆ ತಳಿಗಳು ಹೀಗೆ ಬೆರೆತು, ಹುಟ್ಟಿದ ವೈರಸ್ಸು ವೀರ್ಯದ ಮೂಲಕ ಹಲವು ಫಾರ್ಮ್‌ಗಳಿಗೆ ಹೋಯಿತು. ಬೇರೆ ಬೇರೆ ಜೀವಂತ ಲಸಿಕೆಗಳನ್ನು ಒಂದೇ ಹಿಂಡಿಗೆ ದಯವಿಟ್ಟು ಹಾಕಬೇಡಿ. ಸೀಕ್ವೆನ್ಸ್‌ನಲ್ಲಿ ಎ, ಸಿ, ಜಿ, ಟಿ ನಡುವೆ, ಯಾವ ಅಕ್ಷರವೆಂದು ಖಚಿತವಾಗದ ಜಾಗವನ್ನು ಸೂಚಿಸುವ ಆರ್, ವೈ, ಎನ್ ಅಕ್ಷರಗಳು ಅಲ್ಲಲ್ಲಿ ಕಂಡರೆ ಮಾದರಿಯಲ್ಲಿ ಎರಡು ವೈರಸ್ಸು ಇರಬಹುದೆಂಬ ಸುಳಿವು. ಆಗ ಪೂರ್ಣ ಜೀನೋಮ್ ಮಾಡಿಸಿ.

ಅದಕ್ಕೆ ಸೊರಗಿದ ಎಳೆ ಮರಿಗಳ ಸೀರಮ್ (ರಕ್ತದ ತಿಳಿ) ಒಳ್ಳೆಯದು. ಪಿಸಿಆರ್‌ನ ಸಿಟಿ ಅಂಕಿ 30ಕ್ಕಿಂತ ಕೆಳಗಿರಲಿ (ಅಂಕಿ ಕಡಿಮೆಯಾದಷ್ಟೂ ಮಾದರಿಯಲ್ಲಿ ವೈರಸ್ಸು ಹೆಚ್ಚು). ಹಗ್ಗ ಅಗಿಸಿ ತೆಗೆದ ಜೊಲ್ಲು ವೈರಸ್ಸು ಇದೆಯೇ ಎಂದು ತಿಳಿಯಲು ಸಾಕು, ಸೀಕ್ವೆನ್ಸಿಂಗ್‌ಗೆ ಎಷ್ಟೋ ಸಲ ಕೈಕೊಡುತ್ತದೆ.

ಉತ್ತರಕ್ಕೆ ಕಾಯುತ್ತ ಕೂರಬೇಡಿ. ಪ್ರತಿ ತಾಯಿಗೆ, ಪ್ರತಿ ಸೂಲಿನ ಮರಿಗಳಿಗೆ ಹೊಸ ಸೂಜಿ ಬಳಸಿ. ಹುಟ್ಟಿದ 24 ಗಂಟೆಯ ಮೇಲೆ ಮರಿಗಳನ್ನು ಒಂದು ತಾಯಿಯಿಂದ ಇನ್ನೊಂದಕ್ಕೆ ಬಿಡಬೇಡಿ. ಸುಮಾರು 200 ದಿನ ಹೊಸ ಹೆಣ್ಣು ಹಂದಿಗಳನ್ನು ಹಿಂಡಿಗೆ ಸೇರಿಸಬೇಡಿ. ಸೋಂಕು ತಗುಲಿದ ಹಂದಿಯ ಟಾನ್ಸಿಲ್‌ನಲ್ಲಿ ವೈರಸ್ಸು ಐದು ತಿಂಗಳವರೆಗೂ ಅಡಗಿರಬಲ್ಲದು. ಅಷ್ಟರೊಳಗೆ ರೋಗನಿರೋಧಕ ಶಕ್ತಿಯಿಲ್ಲದ ಹಂದಿಗಳನ್ನು ತಂದರೆ ಆರುತ್ತಿರುವ ಒಲೆಗೆ ಮತ್ತೆ ಸೌದೆ ಇಟ್ಟಂತೆ.